ನಮ್ಮಕ್ಕನ ದ್ವಾದಶಿ ಯಾವತ್ತು ಇಟ್ಟಿದ್ದೀರಿ?

ಮಾನ್ಯ ಪೂರ್ವಾನುಮತಿ ಅಧಿಕಾರಿಗಳೇ,

ನಮ್ಮ ಅಕ್ಕನ ತೊಡೆಯ ಎಲುಬು ಮುರಿದಿದೆ. ಅದನ್ನು ಸರಿಪಡಿಸಲು ವೈದ್ಯರು ತಯಾರಿದ್ದಾರೆ. ಸರಿಪಡಿಸಬಹುದು, ಖರ್ಚು ನಮ್ಮ ಆರೋಗ್ಯ ಯೋಜನೆಯದು ಎಂದು ನೀವು ಹೇಳಬೇಕಾಗಿತ್ತು, ಹೇಳಬೇಕಾದ ಕಾಲಕ್ಕೆ ಹೇಳಲಿಲ್ಲ, ಈಗಲೂ ಹೇಳುತ್ತಿಲ್ಲ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ಇದರ ವಿವರ. ನಾನು ಅಬಿಡ್ಸ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ತಲೆ ಬೆಳ್ಳಗೆ ಮಾಡಿಕೊಂಡವನು. ಮೊದಲ ಸಾಲಿನಲ್ಲಿ ವಿಷಯ ಹೇಳದ ಅರ್ಜಿಯನ್ನು ಯಾರೂ ಎರಡನೆಯ ಸಾಲಿನವರೆಗೆ ಓದುವುದಿಲ್ಲ ಎಂದು ಬಲ್ಲೆ. ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಹೈದರಾಬಾದಿನಲ್ಲಿ ಕೂತ ಅಧಿಕಾರಿಗೆ ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಎಂದು ನನ್ನ ಹೆಂಡತಿ ಸುಭದ್ರಾ ಕೇಳಿದಳು. ಕೇಳುವುದು ನ್ಯಾಯವೇ. ಆದರೆ ನಿಮಗೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ, ತೆಲುಗಿನಲ್ಲಿ ಬರೆಸಿದ್ದೇನೆ, ನಿಮ್ಮ ಸಹಾಯವಾಣಿಯಲ್ಲಿ ಹಿಂದಿಯಲ್ಲಿ ಬೇಡಿಕೊಂಡಿದ್ದೇನೆ. ಆ ಮೂರರಲ್ಲೂ ಬಾರದ ಉತ್ತರ ಕನ್ನಡದಲ್ಲಿಯೂ ಬಾರದೆ ಹೋದರೆ ನನಗೆ ಹೊಸ ನಷ್ಟವೇನಿಲ್ಲ. ಮೇಲಾಗಿ ಕನ್ನಡದಲ್ಲಾದರೆ ಸಿಟ್ಟು ಬಂದಾಗ ನಾನು ಪದ ಹುಡುಕಬೇಕಾಗಿಲ್ಲ. ಇಲ್ಲಿನ ಕನ್ನಡಿಗರು ನಡೆಸುವ ಮಾಸಪತ್ರಿಕೆಯವರು ಇದನ್ನು ಅಚ್ಚು ಹಾಕಲು ಒಪ್ಪಿದ್ದಾರೆ. ಆ ಪತ್ರಿಕೆ ಹೋಗುವ ಮನೆಗಳಲ್ಲಿ ಮಂಡಿಯೋ ಸೊಂಟವೋ ಬದಲಾಯಿಸಿಕೊಂಡು, ಗೋಡೆ ಹಿಡಿದು ಓಡಾಡುವ ಹಿರಿಯರು ಎಷ್ಟೋ ಜನ ಇದ್ದಾರೆ. ನೀವು ಓದದಿದ್ದರೂ ಅವರು ಓದಿಕೊಳ್ಳಲಿ.

ಅಕ್ಕನ ಹೆಸರು ತುಳಸಾಬಾಯಿ. ಎಂಬತ್ತಕ್ಕೆ ಇನ್ನೂ ಸ್ವಲ್ಪ ಬಾಕಿ ಇದೆ. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಮೆಹದಿಪಟ್ಟಣಂನಲ್ಲಿ ನಮ್ಮ ಮನೆಯಲ್ಲಿ ಇದ್ದಾಳೆ ಎಂದು ಜನ ಹೇಳುತ್ತಾರೆ, ಸರಿಯಾಗಿ ಹೇಳಬೇಕೆಂದರೆ ಅವಳ ಮನೆಯಲ್ಲಿ ನಾವು ಇದ್ದೇವೆ. ಅವಳಿಗೆ ಎರಡು ವಿಷಯಗಳಲ್ಲಿ ತಪ್ಪು ಸಹಿಸಲು ಆಗುವುದಿಲ್ಲ. ಒಂದು ಲೆಕ್ಕ, ಇನ್ನೊಂದು ತಿಥಿ. ಪಂಚಾಂಗ ತೆರೆಯದೆ ಇವತ್ತು ಯಾವ ತಿಥಿ, ಎಷ್ಟು ಹೊತ್ತಿನವರೆಗೆ ಎಂದು ಹೇಳಬಲ್ಲವಳು. ನಮ್ಮ ಬಳಗದವರು ಊರ ತುಂಬ ಇದ್ದಾರೆ. ಏಕಾದಶಿ ಇವತ್ತೋ ನಾಳೆಯೋ ಎಂಬ ಅನುಮಾನ ಬಂದಾಗಲೆಲ್ಲ ಅವರ ಫೋನು ಮಠಕ್ಕೆ ಹೋಗುತ್ತಿರಲಿಲ್ಲ, ಅಕ್ಕನಿಗೆ ಬರುತ್ತಿತ್ತು. “ಏಕಾದಶಿ ನಾಳೆನೇ. ನಾಡಿದ್ದು ದ್ವಾದಶಿ ಭಾಳ ಕಡಿಮಿ ಅದ, ಲಗೂ ಎದ್ದು ಊಟ ಮುಗಿಸ್ರಿ” ಎಂದು ಹೇಳಿ ಇಡುತ್ತಿದ್ದಳು. ನಿಮಗೆ ಈ ಪದ್ಧತಿ ಗೊತ್ತಿಲ್ಲದಿದ್ದರೆ ತಿಳಿಸುತ್ತೇನೆ. ಏಕಾದಶಿಯ ದಿನ ಉಪವಾಸ, ಮರುದಿನ ದ್ವಾದಶಿಯ ಮುಂಜಾನೆ ಊಟ. ಒಮ್ಮೆ ಸಂಕಲ್ಪ ಮಾಡಿದ ಉಪವಾಸವನ್ನು ಅದೇ ದಿನ ಸಂಜೆ ಬಿಡುವ ರೂಢಿ ನಮ್ಮಲ್ಲಿ ಇಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಅವಳ ಎಡಗಡೆಯ ಸೊಂಟದ ಕೀಲು ಸವೆದು ಹೋಗಿ, ನಿಮ್ಮದೇ ಯೋಜನೆಯಲ್ಲಿ ಕೃತಕ ಕೀಲು ಹಾಕಿಸಿದೆವು. ಆಗ ನಿಮ್ಮ ಕಚೇರಿ ಚೆನ್ನಾಗಿಯೇ ನಡೆದುಕೊಂಡಿತು, ಅದನ್ನು ಮುಚ್ಚಿಡುವುದಿಲ್ಲ. ನೆಲದ ಮೇಲೆ ಕೂಡಬಾರದು ಎಂದು ವೈದ್ಯರು ಹೇಳಿದ್ದರು. ಅಂದಿನಿಂದ ಅವಳು ಒಂದು ದಿನವೂ ನೆಲದ ಮೇಲೆ ಕೂತವಳಲ್ಲ. ತಾನು ಕುರ್ಚಿಯ ಮೇಲೆ ಕೂಡಬೇಕಾಯಿತೆಂದು ದೇವರ ಪೆಟ್ಟಿಗೆಯನ್ನೂ ಮೇಜಿನ ಮೇಲೆ ಇಡಿಸಿ, “ನನ್ನ ಸಲುವಾಗಿ ದೇವರಿಗೂ ಮ್ಯಾಲ ಏರೋದು ಬಂತು ನೋಡು” ಎಂದು ನಕ್ಕಿದ್ದಳು. ಇಷ್ಟು ಜೋಪಾನ ಮಾಡಿದವಳು ಒಂದು ಮುಂಜಾನೆ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುವಾಗ, ಆ ನೀರಿನ ಮೇಲೆಯೇ ಕಾಲಿಟ್ಟು ಜಾರಿ ಬಿದ್ದಳು. ನಾವು ಓಡಿ ಹೋಗುವಷ್ಟರಲ್ಲಿ ಕಾಲು ಹೊರಕ್ಕೆ ತಿರುಗಿತ್ತು. ನೋವಿನಲ್ಲೂ ಅವಳು ಮೊದಲು ಕೇಳಿದ್ದು ತುಳಸಿ ಕುಂಡ ಒಡೆಯಿತೇನು ಎಂದು. ಕುಂಡ ಒಡೆದಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದವರು ಡಾಕ್ಟರ್ ಮಲ್ಲಿಕಾರ್ಜುನ. ಲಿಂಗಸುಗೂರು ಕಡೆಯವರು, ನಮ್ಮ ಮಾತು ಕಿವಿಗೆ ಬಿದ್ದ ಕೂಡಲೇ ಕನ್ನಡಕ್ಕೆ ಇಳಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೃತಕ ಕೀಲಿನ ಉದ್ದನೆಯ ಲೋಹದ ಗೂಟ ತೊಡೆಯ ಎಲುಬಿನ ಒಳಗೆ ಇಳಿದಿರುತ್ತದೆ. ಅಕ್ಕನ ಎಲುಬು ಆ ಗೂಟದ ಸುತ್ತಲೇ ಸೀಳಿ, ಅದರ ತುದಿಯ ಹತ್ತಿರ ಎರಡಾಗಿತ್ತು. “ಗೂಟ ಸಡ್ಲ ಆಗೇತ್ರಿ” ಎಂದರು. “ಸಾದಾ ಎಲುಬು ಮುರದ್ರ ಪಟ್ಟಿ ಇಟ್ಟು ಸ್ಕ್ರೂ ಬಿಗದ್ರ ಮುಗೀತಿತ್ತು. ಇಲ್ಲಿ ಬರೇ ಪಟ್ಟಿ ಬಿಗದ್ರ ನಿಲ್ಲಂಗಿಲ್ಲ. ಹಳೇ ಗೂಟ ತಗದು, ಮುರದ ಜಾಗ ದಾಟಿ ಕೆಳಗ ಹೋಗುವಂಥ ಉದ್ದನ ಗೂಟ ಹಾಕಿ, ಎಲುಬಿನ ಸುತ್ತ ತಂತಿ ಕಟ್ಟಬೇಕ್ರಿ. ದೊಡ್ಡ ಕೆಲಸ ಐತಿ, ಆದ್ರ ಆಗೋ ಕೆಲಸ. ಲಗೂ ಆಗಬೇಕಷ್ಟ. ಈ ವಯಸ್ಸಿನ್ಯಾಗ ಮಲಗಿಸಿ ಇಟ್ರ ಕಾಲಿಗಿಂತ ಮೊದಲ ಎದಿ ಕೆಡತೈತಿ.” ಲಗೂ ಎಂದರೆ ಎಷ್ಟು ಲಗೂ ಎಂದು ಕೇಳಿದೆ. ನಾಳೆ ಆದರೆ ಒಳ್ಳೆಯದು, ನಾಡಿದ್ದಾದರೂ ನಡೆಯುತ್ತದೆ, ಅದಕ್ಕಿಂತ ಮುಂದಕ್ಕೆ ಹೋಗಬಾರದು ಎಂದರು. ಪಾಪ, ಅವರಿಗೆ ಎಲುಬು ಗೊತ್ತು, ನೀವು ಗೊತ್ತಿರಲಿಲ್ಲ.

ಈಗ ನಿಮ್ಮ ಕಚೇರಿಯ ಕೆಲಸಕ್ಕೆ ಬರುತ್ತೇನೆ. ನಿಮ್ಮಲ್ಲಿ ಕೀಲಿಗೆ ಒಂದು ಮೇಜು ಇದೆ, ಎಲುಬಿಗೆ ಇನ್ನೊಂದು. ಆಸ್ಪತ್ರೆಯವರು ಮೊದಲು ಕೀಲಿನ ಮೇಜಿಗೆ ಅರ್ಜಿ ಕಳಿಸಿದರು. ಇದೇ ಕೀಲಿಗೆ ಫಲಾನುಭವಿ ಈಗಾಗಲೇ ಸೌಲಭ್ಯ ಪಡೆದಿದ್ದಾರೆ, ಪುನರಾವರ್ತನೆಗೆ ಅವಕಾಶವಿಲ್ಲ ಎಂದು ವಾಪಸಾಯಿತು. ಪುನರಾವರ್ತನೆ ಎಂಬ ಮಾತು ಎಷ್ಟು ಚೆನ್ನಾಗಿದೆ ನೋಡಿ. ನಮ್ಮಕ್ಕ ಮೊದಲ ಸಲದ ಸತ್ಕಾರ ಬಹಳ ರುಚಿಸಿತೆಂದು ಮತ್ತೊಮ್ಮೆ ಬಡಿಸಿರಿ ಎಂದು ಎಲೆಯ ಮುಂದೆ ಕೂತಂತೆ ಕೇಳಿಸುತ್ತದೆ. ಆಮೇಲೆ ಎಲುಬಿನ ಮೇಜಿಗೆ ಕಳಿಸಿದರು. ತೊಡೆಯ ಎಲುಬಿನ ಮುರಿತಕ್ಕೆ ಪಟ್ಟಿ ಮಂಜೂರಿದೆ, ಅದರ ಜೊತೆ ಹೊಸ ಗೂಟ ಏಕೆ ಎಂದು ಅಲ್ಲಿಂದ ಪ್ರಶ್ನೆ ಬಂತು. ವೈದ್ಯರು ಕಾರಣ ಬರೆದರು. ಕೀಲು ಒಳಗೊಂಡಿರುವುದರಿಂದ ಕೀಲಿನ ವಿಭಾಗವನ್ನು ಸಂಪರ್ಕಿಸಿ ಎಂದು ಉತ್ತರ ಬಂತು. ಮತ್ತೆ ಅಲ್ಲಿ ಕಳಿಸಿದರು. ಬಿದ್ದದ್ದು ರೋಗಿಯ ನಿರ್ಲಕ್ಷ್ಯದಿಂದಲೋ ಅಲ್ಲವೋ ಎಂಬುದನ್ನು ಸ್ಪಷ್ಟಪಡಿಸಿ ಎಂದು ಈ ಸಲ ಹೊಸ ಸಂದೇಹ. ಸ್ಪಷ್ಟಪಡಿಸುತ್ತೇನೆ. ಎಪ್ಪತ್ತೊಂಬತ್ತು ವರ್ಷದ ಒಬ್ಬ ಹೆಂಗಸು ಬೇಕೆಂದೇ ಬಿದ್ದಿಲ್ಲ, ತುಳಸಿಗೆ ನೀರು ಹಾಕುವುದು ನಿರ್ಲಕ್ಷ್ಯ ಎನ್ನುವುದಾದರೆ ನಮ್ಮ ಬೀದಿಯ ಅರ್ಧ ಜನ ನಿರ್ಲಕ್ಷ್ಯದವರೇ.

ಮಾನ್ಯರೇ, ನಮ್ಮ ಅಜ್ಜನ ಊರು ಬೀದರಿನ ಅಂಚಿನಲ್ಲಿದೆ. ಒಂದು ಕಾಲದಲ್ಲಿ ಎಲ್ಲ ಒಂದೇ ಸಂಸ್ಥಾನ ಆಗಿತ್ತು, ಆಮೇಲೆ ಎರಡು ರಾಜ್ಯಗಳ ನಡುವೆ ಗೆರೆ ಎಳೆದರು. ಗೆರೆಯ ಮೇಲೆ ಹೊಲ ಇದ್ದವರು ಬಾವಿಯ ತಕರಾರಿಗೆ ಈ ಕಡೆಯ ತಹಶೀಲ್ದಾರರ ಹತ್ತಿರ ಹೋದರೆ ಆ ಕಡೆ ಹೋಗಿ ಎನ್ನುತ್ತಿದ್ದರು, ಆ ಕಡೆ ಹೋದರೆ ಈ ಕಡೆ. ಅಜ್ಜ ಇದನ್ನು ಹೇಳಿ ನಗುತ್ತಿದ್ದ. ನಾನೂ ನಕ್ಕಿದ್ದೆ. ನಮ್ಮಕ್ಕನ ತೊಡೆಯೊಳಗೂ ಯಾರೋ ಒಂದು ಗೆರೆ ಎಳೆದಿಟ್ಟಿದ್ದಾರೆ, ಅವಳು ಆ ಗೆರೆಯ ಮೇಲೆಯೇ ಮುರಿದುಕೊಂಡಿದ್ದಾಳೆ ಎಂದು ಆಗ ನನಗೇನು ಗೊತ್ತಿತ್ತು? ಲೋಹದ ಕೀಲು ಹಾಕಿಸಿಕೊಂಡವರು ಮುಪ್ಪಿನಲ್ಲಿ ಬೀಳುವುದು ಅಪರೂಪವೇ? ಬಿದ್ದರೆ ಲೋಹ ಮುರಿಯುವುದಿಲ್ಲ, ಲೋಹದ ಸುತ್ತಲಿನ ಸವೆದ ಎಲುಬೇ ಮುರಿಯುತ್ತದೆ. ಇದು ನನ್ನಂಥ ಗುಮಾಸ್ತನಿಗೂ ತಿಳಿಯುತ್ತದೆ. ಇಷ್ಟು ವರ್ಷ ಸಾವಿರಾರು ಹಿರಿಯರಿಗೆ ಕೀಲು ಹಾಕಿಸಿದ ಯೋಜನೆಗೆ, ಆ ಕೀಲಿನ ಪಕ್ಕದಲ್ಲಿ ಎಲುಬು ಮುರಿದೀತು ಎಂಬ ಯೋಚನೆ ಒಮ್ಮೆಯೂ ಬರಲಿಲ್ಲವೇ? ಅಥವಾ ಕೀಲು ಹಾಕಿಸಿಕೊಂಡ ಮೇಲೆ ಮುದುಕರು ಬೀಳುವುದನ್ನು ನಿಲ್ಲಿಸುತ್ತಾರೆ ಎಂದು ನಿಮಗೆ ಯಾರಾದರೂ ಹೇಳಿದ್ದರೇ?

ಕೈಯಿಂದ ದುಡ್ಡು ಹಾಕಿ ಮಾಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಅಷ್ಟು ಇದ್ದಿದ್ದರೆ ನಿಮ್ಮ ನೆನಪೇ ನಮಗೆ ಬರುತ್ತಿರಲಿಲ್ಲ. ಆ ಮಾತು ಅಲ್ಲಿಗೇ ಬಿಡೋಣ.

ಇನ್ನು ಉಪವಾಸದ ವಿಷಯ. ನಿಮ್ಮ ಅನುಮತಿ ಯಾವ ಗಳಿಗೆಯಲ್ಲಿ ಬೇಕಾದರೂ ಬರಬಹುದು, ಬಂದ ಕೂಡಲೇ ಒಳಗೆ ತೆಗೆದುಕೊಳ್ಳಬೇಕು, ಅದಕ್ಕೆ ರೋಗಿಯ ಹೊಟ್ಟೆ ಖಾಲಿ ಇರಬೇಕು ಎಂದು ಆಸ್ಪತ್ರೆಯವರು ದಿನಾ ಬೆಳಗಾಗುವ ಮೊದಲೇ ಅವಳ ಊಟ ನೀರು ನಿಲ್ಲಿಸುತ್ತಿದ್ದರು. ಕೈಗೆ ಸಲಾಯಿನ್ ಏರಿಸುತ್ತಿದ್ದರು. ನಾನು ಕೆಳಗೆ ನಿಮ್ಮ ಯೋಜನೆಯ ಕಿಟಕಿಯ ಮುಂದೆ ನಿಲ್ಲುತ್ತಿದ್ದೆ. ಅಲ್ಲಿ ಕೂಡುವ ಹುಡುಗಿ ಒಳ್ಳೆಯವಳು. ಪ್ರತಿ ಸಲ ಕಂಪ್ಯೂಟರ್ ನೋಡಿ, “ಅಭೀ ತಕ್ ಪೆಂಡಿಂಗೇಚ್ ದಿಖ್ರಾ ಅಂಕಲ್” ಎನ್ನುತ್ತಿದ್ದಳು. ಇನ್ನೂ ಬಾಕಿ ಎಂದೇ ತೋರಿಸುತ್ತಿದೆ ಎಂದು ಅದರ ಅರ್ಥ. ನಾನು ಕೇಳುವ ಮೊದಲೇ ಅವಳ ಮುಖ ಸಣ್ಣಗಾಗುತ್ತಿತ್ತು, ಕೊನೆಕೊನೆಗೆ ಅವಳನ್ನು ಕೇಳಲು ನನಗೇ ಸಂಕೋಚವಾಗತೊಡಗಿತು. ಸಂಜೆ ನಿಮ್ಮ ಕಚೇರಿ ಮುಚ್ಚಿದ ಮೇಲೆ ನರ್ಸ್ ಬಂದು, ಇವತ್ತು ಆಗುವುದಿಲ್ಲ, ಊಟ ಕೊಡಬಹುದು ಎನ್ನುತ್ತಿದ್ದಳು. ರಾತ್ರಿ ರೋಗಿಯ ಜೊತೆ ಯಾರೂ ಇರಬಾರದು ಎಂಬ ನಿಯಮ ಇದ್ದುದರಿಂದ ಅಷ್ಟು ಹೊತ್ತಿಗೆ ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ರಾತ್ರಿಯ ತಟ್ಟೆ ನಾವು ಹೋದ ಮೇಲೆ ಬರುತ್ತಿತ್ತು. ಮರುದಿನ ವಿಚಾರಿಸಿದರೆ, ತಟ್ಟೆ ಖಾಲಿಯಾಗಿ ಹೋಗಿದೆ, ಊಟ ಮಾಡಿದ್ದಾರೆ ಎನ್ನುತ್ತಿದ್ದರು. ನಮಗೂ ಅಷ್ಟೇ ಸಮಾಧಾನ. ಹಗಲಲ್ಲಿ ನೋಡಿದರೆ ಅಕ್ಕ ಒಣಗುತ್ತಿದ್ದಳು. ನೋವಿಗೆ ಎಂದುಕೊಂಡೆವು.

ಪಕ್ಕದ ಹಾಸಿಗೆಯಲ್ಲಿ ಯಾದಮ್ಮ ಎಂಬಾಕೆ ಇದ್ದಳು. ಬೇಗಂ ಬಜಾರಿನಲ್ಲಿ ಪೊರಕೆ ಮಾರುವವಳು, ಮೊಣಕಾಲ ಕೆಳಗೆ ಮುರಿದುಕೊಂಡು ಬಂದಿದ್ದಳು. ಬಾಯಿ ತುಂಬ ಮಾತು. ಒಂದು ಮಧ್ಯಾಹ್ನ ಅಕ್ಕ ನಿದ್ದೆ ಹೋಗಿದ್ದಾಗ ನನ್ನನ್ನು ಕೈಸನ್ನೆ ಮಾಡಿ ಕರೆದು, “ಮೀ ಅಕ್ಕ ಮಂಚಿದಿ ಸಾರೂ, ರೋಜೂ ರಾತ್ರಿ ಬುವ್ವ ನಾಕೇ ಇಸ್ತದಿ” ಎಂದಳು. ನಿಮ್ಮಕ್ಕ ಬಹಳ ಒಳ್ಳೆಯವಳು, ದಿನಾ ರಾತ್ರಿ ತನ್ನ ಊಟ ನನಗೇ ಕೊಡುತ್ತಾಳೆ ಎಂದು. ಆಸ್ಪತ್ರೆಯ ಒಂದು ತಟ್ಟೆ ತನಗೆ ಸಾಲುವುದಿಲ್ಲ ಎಂಬುದನ್ನು ಹೇಗೋ ತಿಳಿದುಕೊಂಡುಬಿಟ್ಟಿದ್ದಾಳೆ, ದೇವರು ಚೆನ್ನಾಗಿಡಲಿ ಎಂದು ನನಗೆ ಕೈಮುಗಿದಳು. ಅವಳು ಕೃತಜ್ಞತೆ ಹೇಳುತ್ತಿದ್ದಳು. ನಾನು ಅಕ್ಕನ ಹಾಸಿಗೆಯ ಪಕ್ಕ ಕೂತು ಅವಳು ಏಳುವುದನ್ನೇ ಕಾದೆ.

ಅಕ್ಕ ಎದ್ದ ಮೇಲೆ ಕೇಳಿದೆ.

“ಅಕ್ಕಾ, ರಾತ್ರಿ ಊಟ ಯಾಕ ಮಾಡ್ಲಿಕತ್ತಿಲ್ಲ?”

“ಉಪವಾಸ ಅಂದ್ರಲ್ಲೋ.”

“ಅದು ಆಪರೇಷನ್ನಿನ ಉಪವಾಸ. ಸಂಜಿಗೆ ಮುಗೀತದ.”

“ಉಪವಾಸ ಸಂಜಿಗೆ ಹ್ಯಾಂಗ ಮುಗೀತದೋ? ಮುಂಜಾನೆ ದೇವರ ಹೆಸರಿಲೆ ಸಂಕಲ್ಪ ಮಾಡಿರ್ತೀನಿ. ಮರುದಿನ ಬೆಳಗಾಗೋತನಕ ಅನ್ನ ಹ್ಯಾಂಗ ಮುಟ್ಟಲಿ? ಒಂದೀಟು ಹಾಲು ಕುಡೀತೀನಿ. ಬೆಳಗಾದ್ರ ನರ್ಸ್ ಬಂದು ಮತ್ತ ಉಪವಾಸ ಅಂತಾಳ.”

“ನಮಗ ಒಂದು ಮಾತು ಹೇಳಬಾರದಿತ್ತೇನು?”

“ಹೇಳಿದ್ರ ಬಿಡಿಸ್ತಿದ್ರಿ. ಆಪರೇಷನ್ ಛಲೋ ಆಗ್ಲಿ ಅಂತ ಹಿಡದ ಉಪವಾಸ ನಡುವ ಬಿಟ್ರ ಹ್ಯಾಂಗ?” ಎಂದಳು. ಆಮೇಲೆ, “ಹಣಮಂತಾ, ದಿನಾ ಏಕಾದಶಿನೇ ಬರ್ಲಿಕತ್ತದ. ದ್ವಾದಶಿ ಬರವಲ್ದು. ಆ ಆಫೀಸಿನವ್ರಿಗೆ ಕೇಳು, ದ್ವಾದಶಿ ಯಾವತ್ತು ಇಟ್ಟಾರ ಅಂತ” ಎಂದಳು.

ಇದು ನಮ್ಮಂಥ ಮನೆಗಳಲ್ಲಿ ಮಾತ್ರ ಆಗಬಹುದಾದ ತಪ್ಪು, ಒಪ್ಪುತ್ತೇನೆ. ಬೇರೆ ಯಾರೇ ಆಗಿದ್ದರೂ ಸಂಜೆ ತಟ್ಟೆ ಬಂದ ಕೂಡಲೇ ಉಣ್ಣುತ್ತಿದ್ದರು. ಅರವತ್ತು ವರ್ಷ ಏಕಾದಶಿ ಬಿಡದವಳ ಕಿವಿಗೆ ಉಪವಾಸ ಎಂಬ ಮಾತು ಬಿದ್ದರೆ ಅವಳು ಏನು ಮಾಡುತ್ತಾಳೆ ಎಂದು ನಮಗೆ ಹೊಳೆಯಬೇಕಾಗಿತ್ತು. ಸುಭದ್ರಾ ಆ ದಿನದಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ಆದರೆ ಒಂದು ಮಾತು ಕೇಳುತ್ತೇನೆ. ಅವಳ ಏಕಾದಶಿಗೆ ಒಂದು ಕಟ್ಟಳೆ ಇದೆ. ಅದು ಒಂದೇ ದಿನದ್ದು, ಮರುದಿನ ದ್ವಾದಶಿ ಬಂದೇ ಬರುತ್ತದೆ. ಎಂಬತ್ತು ದಾಟಿದವರಿಗೆ ಅದರಲ್ಲೂ ರಿಯಾಯಿತಿ ಇದೆ. ಎಷ್ಟೋ ನೂರು ವರ್ಷದ ಹಿಂದೆ ಆ ಕಟ್ಟಳೆ ಮಾಡಿದವರಿಗೆ ಮುದುಕರು ಎಷ್ಟು ತಡೆದಾರು ಎಂಬ ಅಂದಾಜು ಇತ್ತು. ನೀವು ಮಾಡಿಸಿದ ಉಪವಾಸಕ್ಕೆ ಮರುದಿನವೇ ಇರಲಿಲ್ಲ. ನಾಳೆ ಎನ್ನಲಿಲ್ಲ, ಬರುವ ವಾರ ಎನ್ನಲಿಲ್ಲ, ಆಗುವುದೇ ಇಲ್ಲ ಎಂದೂ ಹೇಳಲಿಲ್ಲ. ಇಲ್ಲ ಎಂದು ಒಂದೇ ಸಲ ಹೇಳಿದ್ದರೂ ನಾವು ಅವಳಿಗೆ ಅನ್ನ ಹಾಕಿ, ಬೇರೆ ಕಡೆ ಕೈಚಾಚಿ ನೋಡುತ್ತಿದ್ದೆವು. ಬಾಕಿ ಎಂಬ ಒಂದು ಮಾತಿನಿಂದ ಅವಳನ್ನು ಇಷ್ಟು ದಿನ ಹಸಿದಿಟ್ಟವರು ಯಾರು, ಅವಳ ದೇವರೇ?

ಅನುಮತಿ ಬರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಂತು. ಇದು ನಮಗೆ ತಿಳಿದ ಮರುದಿನ ಸಂಜೆ ಕಿಟಕಿಯ ಹುಡುಗಿ ತಾನೇ ಮೇಲೆ ಓಡಿ ಬಂದು ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು, ಯಾಕೆಂದರೆ ಅವಳೂ ನಮ್ಮ ಜೊತೆ ಕಾದಿದ್ದಳು. ಮರುದಿನ ಮುಂಜಾನೆ ಅಕ್ಕನನ್ನು ತಯಾರು ಮಾಡಿದರು. ಮಂಪರು ಕೊಡುವ ವೈದ್ಯೆ ಬಂದು ಎದೆಗೆ ಕಿವಿಗೊಟ್ಟರು, ರಕ್ತದ ವರದಿ ನೋಡಿದರು, ಡಾಕ್ಟರ್ ಮಲ್ಲಿಕಾರ್ಜುನರನ್ನು ಪಕ್ಕಕ್ಕೆ ಕರೆದರು. ಎದೆಯಲ್ಲಿ ಕಫ ಕಟ್ಟಿದೆ, ಮೈಯಲ್ಲಿ ಶಕ್ತಿಯೇ ಉಳಿದಿಲ್ಲ, ಈ ಸ್ಥಿತಿಯಲ್ಲಿ ಮಂಪರು ಕೊಟ್ಟರೆ ಎಚ್ಚರವಾಗುವ ಭರವಸೆ ಕೊಡಲಾರೆ ಎಂದರು. ಅಕ್ಕನನ್ನು ಮತ್ತೆ ಅದೇ ಹಾಸಿಗೆಗೆ ತಂದು ಮಲಗಿಸಿದರು. ಡಾಕ್ಟರ್ ಹೊರಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತರು. “ಮೊದಲನೇ ದಿನಾನ ಸಿಕ್ಕಿದ್ರ ಇಷ್ಟೊತ್ತಿಗೆ ನಿಮ್ಮಕ್ಕಾರನ್ನ ವಾಕರ್ ಹಿಡಿಸಿ ನಿಲ್ಲಿಸ್ತಿದ್ನಿರಿ” ಎಂದರು.

ಆಮೇಲೆ ಔಷಧಿ ಕೊಟ್ಟು, ಎದೆಗೆ ಹಬೆ ಕೊಟ್ಟು, ಗಂಜಿ ಕುಡಿಸಿ ಅವಳನ್ನು ಸ್ವಲ್ಪ ಸ್ವಲ್ಪವೇ ಎತ್ತಿಕೊಂಡು ಬಂದರು. ವಾರ್ಡಿನ ಹಿರಿಯ ಸಿಸ್ಟರ್ ನಿಯಮ ಸಡಿಲಿಸಿ, ಸುಭದ್ರಾ ರಾತ್ರಿಯೂ ಪಕ್ಕದಲ್ಲಿರಲಿ ಎಂದರು. ಈ ಇಡೀ ಪ್ರಕರಣದಲ್ಲಿ ಕೇಳಿದ ತಕ್ಷಣ ನಮಗೆ ಸಿಕ್ಕ ಅನುಮತಿ ಇದೊಂದೇ. ಈಗ ಎದೆ ತಿಳಿಯಾಗಿದೆ. ಮಂಪರಿನ ವೈದ್ಯೆ ಒಪ್ಪಿದ್ದಾರೆ. ಆದರೆ ಈ ನಡುವೆ ನಿಮ್ಮ ಅನುಮತಿಯ ಅವಧಿ ತೀರಿಹೋಗಿದೆಯಂತೆ. ಹೊಸದಾಗಿ ಅರ್ಜಿ ಹಾಕಿ ಎಂದಿರಿ, ಹಾಕಿದರು. ಹಿಂದೆ ನೀಡಿದ ಅನುಮತಿಯನ್ನು ಬಳಸಿಕೊಳ್ಳದಿರಲು ಕಾರಣವೇನು ಎಂದು ಕೇಳಿದ್ದೀರಿ. ಕಾರಣ ನೀವು. ಇದನ್ನು ಆಸ್ಪತ್ರೆಯವರು ಬರೆಯಲಾರರು, ನಾಳೆ ಮತ್ತೆ ನಿಮ್ಮ ಹತ್ತಿರವೇ ಬರಬೇಕಾದವರು ಅವರು. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ನಾನೇ ನಿಮ್ಮ ಕಚೇರಿಗೂ ಬಂದಿದ್ದೆ. ಗಾಜಿನ ಈ ಕಡೆ ನಿಂತು, ಅಧಿಕಾರಿಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿದೆ. ಸಾರ್ ಮೀಟಿಂಗಿನಲ್ಲಿದ್ದಾರೆ ಎಂದು ಒಬ್ಬರು ಹೇಳಿದರು, ಮೇಡಂ ರಜೆಯಲ್ಲಿದ್ದಾರೆ ಎಂದು ಇನ್ನೊಬ್ಬರು ಹೇಳಿದರು. ನೀವು ಗಂಡಸೋ ಹೆಂಗಸೋ ಎಂಬುದು ಇಂದಿಗೂ ನನಗೆ ಖಚಿತವಿಲ್ಲ. ನಾನೂ ಅಂಥ ಗಾಜಿನ ಒಳಗಡೆ ಕೂತು ಸಂಬಳ ತಿಂದವನು. ಕಡತ ಚಲನೆಯಲ್ಲಿದೆ ಎನ್ನುವಾಗ ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ನನಗೂ ಬರುತ್ತದೆ. ಆ ಮುಖವನ್ನು ಈ ಕಡೆಯಿಂದ ನೋಡುವುದು ಬೇರೆ. ಕೂಗಾಡಬೇಕು ಎಂದು ಮನೆಯಿಂದ ಹೊರಟಿದ್ದೆ. ಥ್ಯಾಂಕ್ಯೂ ಎಂದು ಹೇಳಿ ಬಂದೆ. ಮೆಹದಿಪಟ್ಟಣಂ ಬಸ್ಸಿನಲ್ಲಿ ಕೂತ ಮೇಲೆ ಯಾತಕ್ಕೆ ಥ್ಯಾಂಕ್ಯೂ ಎಂದೆ ಎಂದು ನನಗೇ ತಿಳಿಯಲಿಲ್ಲ.

ಈಗ ನನ್ನ ಬೇಡಿಕೆ. ಕೀಲಿಗೂ ಎಲುಬಿಗೂ ಒಂದೇ ಮೇಜು ಮಾಡಿ. ಕೀಲಿನ ಪಕ್ಕದಲ್ಲಿ ಮುರಿದುಕೊಂಡ ಹಿರಿಯರು ಎರಡು ಮೇಜಿನ ನಡುವೆ ಮಲಗುವಂತಾಗಬಾರದು. ಹೌದೋ ಅಲ್ಲವೋ ಅದೇ ದಿನ ಹೇಳಿ. ಅಲ್ಲ ಎಂದರೆ ಅತ್ತುಕೊಂಡಾದರೂ ಮುಂದಿನ ದಾರಿ ನೋಡುತ್ತೇವೆ. ರೋಗಿ ಆಪರೇಷನ್ನಿನ ಮೇಜಿನ ಮೇಲೆ ಏರುವಷ್ಟು ಗಟ್ಟಿಯಾಗುವವರೆಗೆ ಕೊಟ್ಟ ಅನುಮತಿಯನ್ನು ಸಾಯಿಸಬೇಡಿ. ಇವೆಲ್ಲ ದೊಡ್ಡ ಮಾತು, ಇವಕ್ಕೆ ಸಭೆ ಸೇರಬೇಕು, ಸುತ್ತೋಲೆ ಹೊರಡಬೇಕು, ಅಷ್ಟರಲ್ಲಿ ನಾನೂ ಇರುತ್ತೇನೋ ಇಲ್ಲವೋ. ನಮ್ಮಕ್ಕನ ಪಾಲಿಗೆ ಒಂದೇ ಒಂದು ಕೇಳುತ್ತೇನೆ. ಒಂದು ದಿನ ಗೊತ್ತುಮಾಡಿ. ಹೊಸ ಅರ್ಜಿ ನಿಮ್ಮ ಮುಂದೆಯೇ ಇದೆ. ಡಾಕ್ಟರ್ ಮಲ್ಲಿಕಾರ್ಜುನ ಮೊನ್ನೆ ಹೇಳಿದರು, “ಈಗ ತಯಾರ ಅದಾರ್ರಿ. ಈ ಸಲ ತಡ ಆದ್ರ ಮತ್ತ ಎದಿ ಕಟ್ಟತೈತಿ, ಮತ್ತೊಮ್ಮೆ ಎತ್ತಿ ನಿಲ್ಲಿಸೋದು ನನ್ನ ಕೈಯಾಗ ಇಲ್ಲ.” ಅವರ ಕೈಯಲ್ಲಿಲ್ಲ, ನನ್ನ ಕೈಯಲ್ಲಂತೂ ಮೊದಲಿನಿಂದಲೂ ಇಲ್ಲ. ನಿಮ್ಮ ಕೈಯಲ್ಲಿದೆ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಕ್ಕನಿಗೆ ಈಗ ತಿಥಿ ನೆನಪಿರುವುದಿಲ್ಲ. ಊರಿಗೆಲ್ಲ ಏಕಾದಶಿ ಹೇಳುತ್ತಿದ್ದವಳು ದಿನಾ ಮುಂಜಾನೆ ಕಣ್ಣು ತೆರೆದು ನನ್ನನ್ನು ಕೇಳುತ್ತಾಳೆ, “ಇವತ್ತು ಏಕಾದಶಿನೋ, ದ್ವಾದಶಿನೋ?” ಎಂದು. ಏಕಾದಶಿ ಎಂದರೆ ಬಾಯಿ ಮುಚ್ಚಿಬಿಡುತ್ತಾಳೆ. ಬೇರೆ ಯಾವ ತಿಥಿ ಹೇಳಿದರೂ ಅನುಮಾನದಿಂದ ನೋಡುತ್ತಾಳೆ. ಆದ್ದರಿಂದ ನಾನು ದಿನಾ ಇವತ್ತು ದ್ವಾದಶಿ ಎನ್ನುತ್ತೇನೆ. ಸುಭದ್ರಾ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ. ಅಕ್ಕ ಕೈಮುಗಿದು, ಬಾಯಿ ತೆರೆಯುತ್ತಾಳೆ. ಹುಟ್ಟಿದಾಗಿನಿಂದ ಅವಳ ಮುಂದೆ ಒಂದು ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ ನಾನು. ಈಗ ದಿನಾ ದಕ್ಕುತ್ತಿದೆ, ಅದೇ ನನಗೆ ಹೆದರಿಕೆ.

ನಿನ್ನೆ ಮಾತ್ರ ಅವಳು ಗಂಜಿಯ ಚಮಚವನ್ನು ತಡೆದು ನನ್ನ ಮುಖ ನೋಡಿದಳು. “ದಿನಾ ದ್ವಾದಶಿ ಬಂದ್ರ ನಡುವ ಏಕಾದಶಿ ಎಲ್ಲಿ ಹೋತೋ ಹಣಮಂತಾ? ಲೆಕ್ಕ ತಪ್ಪೀದಿ ನೀ” 
ಎಂದಳು. ಶಾಲೆಯ ಹುಡುಗನಿಗೆ ಹೇಳುವ ದನಿಯಲ್ಲೇ ಹೇಳಿದಳು. ನಾನು ತಲೆ ತಗ್ಗಿಸಿದೆ. ನನ್ನ ಮೇಲೆ ಕನಿಕರ ಬಂತೇನೋ, ಮತ್ತೆ ಏನೂ ಕೇಳದೆ ಗಂಜಿ ಕುಡಿದಳು.

ಮಾನ್ಯರೇ, ನೀವು ಒಂದು ದಿನ ಗೊತ್ತುಮಾಡಿದರೆ, ಆ ದಿನದ ಮುಂಜಾನೆ ನಾನು ಅವಳಿಗೆ ಇವತ್ತು ಏಕಾದಶಿ ಅಕ್ಕಾ, ಏನೂ ತಿನ್ನಬೇಡ ಎಂದು ಹೇಳಬೇಕು. ಅವಳು ಸಂಕಲ್ಪ ಮಾಡಬೇಕು, ಅವರು ಅವಳನ್ನು ಒಳಗೆ ಕರೆದುಕೊಂಡು ಹೋಗಬೇಕು. ಮರುದಿನ ಅವಳು ಕಣ್ಣು ತೆರೆದು ಕೇಳಿದಾಗ ನಾನು ದ್ವಾದಶಿ ಎನ್ನಬೇಕು, ಆ ಒಂದು ಸಲವಾದರೂ ಅವಳ ಲೆಕ್ಕ ಸರಿಹೋಗಬೇಕು. ಇಷ್ಟನ್ನು ಮಾಡಿಕೊಡಿ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಬಾಕಿ ಇರುವ ಫಲಾನುಭವಿಯ ತಮ್ಮ,
ದಿನಾ ಮುಂಜಾನೆ ತಪ್ಪು ತಿಥಿ ಹೇಳುವ
ಹನುಮಂತ,
ಮೆಹದಿಪಟ್ಟಣಂ, ಹೈದರಾಬಾದ್